ಅಜ್ಜಿ ತುಳಿಯದ ಪರ್ಸಿ

ಕೈಯಲ್ಲಿ ಚಹಾದ ಕಪ್ಪು ಹಿಡಿದು ಅಜ್ಜಿ ಪಡಸಾಲೆಯಲ್ಲಿ ಕುಂಟಾಬಿಲ್ಲೆ ಆಡುವವಳಂತೆ ಜಿಗಿಯುತ್ತಿದ್ದಳು! ತಪ್ಪು ನನ್ನದೇ. ದ್ವಿತೀಯ ಪಿಯುಸಿ ಪರೀಕ್ಷೆಗೆಂದು ಚಿತ್ತಾಪುರದ ನಮ್ಮ ಮನೆಯ ನೆಲದಲ್ಲಿ ಒಂದು ಬಿಟ್ಟು ಒಂದು ಶಹಾಬಾದ್ ಪರ್ಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಸಮಾಜಶಾಸ್ತ್ರದ ಉತ್ತರ ಬರೆದಿದ್ದೆ.

“ತುಳದ್ರ ಏನಾಗಲ್ಲ, ಬಾ ಆಯಿ,” ಎಂದೆ.

“ಅಕ್ಷರ ತುಳದು ನಿನಗ ಫೇಲ್ ಮಾಡ್ಲೇನು?” ಎಂದು ಅಜ್ಜಿ ಮತ್ತೆ ಜಿಗಿದಳು. ಅರ್ಧ ಚಹಾ ‘ಅವಿಭಕ್ತ ಕುಟುಂಬದ ಲಕ್ಷಣಗಳು’ ಪರ್ಸಿಯ ಮೇಲೆ ಚೆಲ್ಲಿತು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ತಲೆ ಖಾಲಿ. ಕಣ್ಣು ಮುಚ್ಚಿದರೆ ಆ ಚಹಾ ಕಂಡಿತು, ಹಿಂದೆಯೇ ಐದೂ ಅಂಶಗಳು ಬಂದವು.

ನೆಲ ತೊಳೆದು ವಾರವಾಯಿತು. ಓದು ಬಾರದ ಅಜ್ಜಿ ಈಗಲೂ ಅವೇ ಪರ್ಸಿಗಳನ್ನು ದಾಟಿ ಜಿಗಿಯುತ್ತಾಳೆ. ಅಕ್ಷರ ಎಲ್ಲಿವೆ ಎಂದರೆ, “ರಿಜಲ್ಟ್ ಬರ್ಲಿ ತಡಿ” ಎನ್ನುತ್ತಾಳೆ.