ಎಡ ತುದಿಯ ಚುಕ್ಕೆ

ಕ್ಯಾಮೆರಾ ಮದರಾಸಿನಿಂದ ಬಂದ ದಿನವೇ ಅದರ ಗಾಜಿನಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಆಗ ನಾನು ಬಿಟ್ಟಂಗಾಲದ ಹತ್ತಿರ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಮದುವೆಯಾಗಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ, ಇದ್ದ ಒಂದೇ ಆಸೆಯನ್ನು ಅಂಚೆಯಲ್ಲಿ ತರಿಸಿಕೊಂಡಿದ್ದೆ. ಹೊಸ ಹೆಂಡತಿಯ ಮುಖದಲ್ಲಿ ಮಚ್ಚೆ ಕಂಡರೆ ಅದನ್ನೂ ಚೆಂದ ಅನ್ನಬಹುದು. ಹೊಸ ಕ್ಯಾಮೆರಾದ ಗಾಜಿನಲ್ಲಿ ಚುಕ್ಕೆ ಕಂಡರೆ ಮೈ ಉರಿಯುತ್ತದೆ. ನನಗೆ ಉರಿಯಿತು.

ಅದು ಕಣ್ಣಿಗೆ ಹಿಡಿದು ನೋಡುವ ಜಾತಿಯ ಕ್ಯಾಮೆರಾ ಅಲ್ಲ. ಹೊಟ್ಟೆಯ ಮುಂದೆ ಹಿಡಿದು, ಮೇಲಿನ ಮುಚ್ಚಳ ತೆರೆದು, ಬಾವಿಗೆ ಬಗ್ಗಿದ ಹಾಗೆ ಬಗ್ಗಿ ನೋಡಬೇಕು. ಒಳಗೆ ಓರೆಯಾಗಿ ಕೂರಿಸಿದ ಕನ್ನಡಿ, ಅದರ ಮೇಲೆ ಮಸುಕು ಗಾಜು. ಎದುರಿಗಿರುವುದೆಲ್ಲ ಬಂದು ಆ ಗಾಜಿನ ಮೇಲೆ ನಿಲ್ಲುತ್ತದೆ. ಸ್ವಭಾವ ಮಾತ್ರ ತೀರ ಮೊಂಡು. ಒಂದು ಮರವನ್ನು ಆಚೆ ಸರಿಸೋಣ ಎಂದು ಪೆಟ್ಟಿಗೆಯನ್ನು ತಿರುಗಿಸಿದರೆ ಮರ ಈಚೆಗೆ ಬರುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಜೊತೆಗೆ ಬಂದಿದ್ದ ಪುಸ್ತಕ ನೋಡಿ ತಿಳಿದುಕೊಳ್ಳೋಣವೆಂದರೆ ಅದು ಜರ್ಮನ್ ಭಾಷೆಯಲ್ಲಿತ್ತು. ಅಭ್ಯಾಸವಾದರೆ ಸರಿಹೋದೀತು ಎಂದು ಸುಮ್ಮನಾದೆ.

ಚುಕ್ಕೆ ಸಾಸಿವೆ ಕಾಳಿಗಿಂತ ಚಿಕ್ಕದು. ಗಾಜನ್ನು ಮೇಲಿನಿಂದ ಒರೆಸಿದೆ, ಊದಿದೆ, ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿದೆ. ತಟ್ಟಿದಾಗ ಚುಕ್ಕೆ ಸ್ವಲ್ಪ ಸರಿಯಿತು, ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ, ಯಾರೂ ಮುಟ್ಟದ ಪೆಟ್ಟಿಗೆಯಲ್ಲಿ ಅದು ಮತ್ತೆ ಹಳೆಯ ಜಾಗಕ್ಕೇ ಬಂದು ಕೂತಿತ್ತು. ವಿರಾಜಪೇಟೆಯ ಗಡಿಯಾರ ರಿಪೇರಿಯವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ. ಇದು ಒಳಗಿನದು, ನಾನು ಬಿಚ್ಚಿದರೆ ಮತ್ತೆ ಸೇರಿಸುವ ಭರವಸೆ ಇಲ್ಲ ಎಂದು ಹೇಳಿ ಮುಚ್ಚಳ ಮುಚ್ಚಿ ಕೊಟ್ಟ. ಕೊಡುವಾಗ, ಇದು ನನ್ನನ್ನೇ ನೋಡುತ್ತಿತ್ತು ಅಂತ ಅನ್ನಿಸಿತು ಎಂದು ನಕ್ಕ. ನನಗೆ ನಗು ಬರಲಿಲ್ಲ.

ಆ ವರ್ಷ ಕೈಲ್ ಮುಹೂರ್ತದ ಹಬ್ಬಕ್ಕೆ ಕರಿಕೆಯ ಕಡೆಗಿನ ನಮ್ಮ ಮನೆತನದ ಹಿರಿಮನೆಗೆ, ಐನ್‌ಮನೆಗೆ, ಹೋದೆ. ಕೋವಿಗಳಿಗೆ ಹೂವಿಟ್ಟು ಪೂಜೆ ಮುಗಿದ ಮೇಲೆ ಮನೆಯವರನ್ನೆಲ್ಲ ಜಗಲಿಯ ಕಂಬಗಳ ನಡುವಿನ ಮರದ ಹಲಗೆಯ ಮೇಲೆ ಸಾಲಾಗಿ ಕೂರಿಸಿದೆ. ಆ ಹಲಗೆಯ ಮೂಡಣ ತುದಿ ಮನೆಯ ಹಿರಿಯನದು. ಬೇರೆ ಯಾರೂ ಅಲ್ಲಿ ಕೂರುವುದಿಲ್ಲ, ಅವನೂ ಬೇರೆಲ್ಲೂ ಕೂರುವುದಿಲ್ಲ. ನಡುವೆ ಕೂತರೆ ಪಟ ಚೆಂದ ಬರುತ್ತದೆ ಎಂದು ದೊಡ್ಡಜ್ಜನಿಗೆ ಎಷ್ಟು ಹೇಳಿದರೂ ಅವರು ಅಲುಗಲಿಲ್ಲ. ಮೊಣಕಾಲುದ್ದದ ಬಿಳಿ ಕುಪ್ಪಸ, ಬಿಳಿ ರುಮಾಲು. ನನ್ನ ಎಡಗಡೆಗೆ ಅವರು. ಬಲಗಡೆಯ ತುದಿಗೆ, ವಿಧವೆಗೆ ಮೂಲೆಯೇ ಸಾಕು ಎಂದು ತಾನಾಗಿ ಹೇಳಿಕೊಂಡು, ಅವ್ವ ಕೂತಳು. ಬಿಳಿ ಸೀರೆ, ತಲೆಗೆ ಬಿಳಿ ವಸ್ತ್ರ. ನಡುವೆ ತಮ್ಮ, ಅವನ ಹೊಸ ಹೆಂಡತಿ, ಮತ್ತೆ ಉಳಿದವರು.

ಮಳೆಗಾಲದ ಬೆಳಕು, ಜಗಲಿಯ ನೆರಳು. ಗಾಜಿನಲ್ಲಿ ಎಲ್ಲರೂ ಬೆರಳುಗುರಿನಷ್ಟು. ಆ ಚುಕ್ಕೆ ಹೋಗಿ ಎಡ ತುದಿಯಲ್ಲಿ ಕೂತ ಬಿಳಿ ಬಟ್ಟೆಯ ಆಕೃತಿಯ ಮುಖದ ಮೇಲೆ ಸರಿಯಾಗಿ ಕೂತಿತ್ತು. ಮುಖ ಕಾಣುತ್ತಿರಲಿಲ್ಲ. ಇಷ್ಟೂ ಜನರಲ್ಲಿ ಇದಕ್ಕೆ ದೊಡ್ಡಜ್ಜನ ಮುಖವೇ ಬೇಕಿತ್ತೇ ಎಂದು ಸಿಡುಕುತ್ತಲೇ ಗುಂಡಿ ಒತ್ತಿದೆ. ರೈಟರ್ ಕೆಲಸದವನಿಗೆ ಏನನ್ನೂ ಬರೆದಿಡದೆ ಇರಲಾಗದ ರೋಗ ಇರುತ್ತದೆ. ಅಂಗಡಿಯವರಿಗೆ ದೂರು ಬರೆಯುವಾಗ ಬೇಕಾದೀತೆಂದು ಜೇಬಿನ ಪುಸ್ತಕದಲ್ಲಿ, ‘ಎಡ ತುದಿ, ಮುಖದ ಮೇಲೆ’ ಎಂದು ಬರೆದಿಟ್ಟೆ.

ಎರಡು ವಾರಕ್ಕೆ ದೊಡ್ಡಜ್ಜನಿಗೆ ಹುಷಾರಿಲ್ಲ ಎಂದು ಹೇಳಿಕಳಿಸಿದರು. ಬಸ್ಸಿಳಿದು ಏರುದಾರಿಯಲ್ಲಿ ಅರ್ಧ ನಡೆದಿದ್ದೆ. ಮೇಲಿನಿಂದ ಕೋವಿಯ ಸದ್ದು ಕೇಳಿತು, ಹಿಂದೆಯೇ ಇನ್ನೊಂದು. ನಮ್ಮಲ್ಲಿ ಒಂದು ಗುಂಡು ಹಾರಿಸಿದರೆ ಮನೆಯಲ್ಲಿ ಗಂಡು ಮಗು ಹುಟ್ಟಿತು ಎಂದರ್ಥ. ಜೋಡಿ ಗುಂಡು ಸಾವಿಗೆ. ನಾನು ಓಡಲಿಲ್ಲ, ಓಡಿ ಪ್ರಯೋಜನವಿರಲಿಲ್ಲ.

ಪಟ ಬಂದದ್ದು ತಿಥಿ ಎಲ್ಲ ಮುಗಿದ ಮೇಲೆ. ಎಸ್ಟೇಟಿನ ಆಫೀಸಿನಲ್ಲಿ ಲಕೋಟೆ ಒಡೆದು ನೋಡಿದೆ. ಪಟದಲ್ಲಿ ಚುಕ್ಕೆಯೇ ಇರಲಿಲ್ಲ. ದೊಡ್ಡಜ್ಜ ಎಡ ತುದಿಯಲ್ಲಿ, ಮೀಸೆಯ ಎಳೆ ಎಳೆ ಎಣಿಸುವಷ್ಟು ಸ್ಪಷ್ಟವಾಗಿ ಕೂತಿದ್ದರು. ಆಗ ಜೇಬಿನ ಪುಸ್ತಕದ ಮಾತು ನೆನಪಾಯಿತು. ತೆಗೆದು ಓದಿದೆ. ಹೊರಗೆ ಕೂಲಿ ಲೈನಿನ ಹೆಂಗಸರು ಮಾತಾಡುತ್ತ ಹೋಗುತ್ತಿದ್ದರು, ಹಾಡುಹಗಲು. ನಾನು ಪುಸ್ತಕ ಮುಚ್ಚಿ, ಪಟವನ್ನು ಮತ್ತೆ ಲಕೋಟೆಗೆ ತುರುಕಿದೆ.

ಯಾರಿಗೂ ಹೇಳಲಿಲ್ಲ. ಇಂಗ್ಲಿಷ್ ಕಲಿತವನು, ದೊರೆಯ ಎದುರು ಕುರ್ಚಿಯಲ್ಲಿ ಕೂತು ಡಿಕ್ಟೇಶನ್ ಬರೆದುಕೊಳ್ಳುವವನು, ಧೂಳಿನ ಕಣಕ್ಕೆ ಹೆದರಿದೆ ಎಂದು ಯಾರಿಗೆ ಹೇಳುವುದು? ಆದರೆ ಅಂದಿನಿಂದ ಮನುಷ್ಯರ ಕಡೆಗೆ ಆ ಪೆಟ್ಟಿಗೆ ತಿರುಗಿಸಲಿಲ್ಲ. ಬಂಡೆ, ಗೇಟು, ಒಣಗಲು ಹಾಕಿದ ಕಾಫಿ, ಇವುಗಳ ಪಟ ತೆಗೆದೆ. ದೊರೆಗೆ ನನ್ನ ಅಭಿರುಚಿ ವಿಚಿತ್ರವಾಗಿ ಕಂಡಿರಬೇಕು.

ಹೊಸ ಅಕ್ಕಿಯ ಹುತ್ತರಿ ಹಬ್ಬಕ್ಕೆ ಊರಿಗೆ ಹೋದಾಗ ಪಟವನ್ನು ಅವ್ವನ ಕೈಗೆ ಕೊಟ್ಟೆ. ಅವಳು ಎಲ್ಲರನ್ನೂ ನೋಡಿ, ಕೊನೆಗೆ ಬಲ ತುದಿಯಲ್ಲಿ ತನ್ನನ್ನು ಹುಡುಕಿದಳು. ಗುಂಡಿ ಒತ್ತಿದ ಗಳಿಗೆಯಲ್ಲೇ ತಲೆ ತಿರುಗಿಸಿದ್ದಳೋ ಏನೋ, ಸೀರೆಯ ಅಂಚು ಬಂದಿತ್ತು, ಮಡಿಲಲ್ಲಿಟ್ಟ ಕೈ ಬಂದಿತ್ತು, ಮುಖದ ಜಾಗದಲ್ಲಿ ಒರೆಸಿದಂಥ ಬಿಳುಪು. ಅಷ್ಟು ಜನರಲ್ಲಿ ಅಲುಗಿದವಳು ಅವಳೊಬ್ಬಳೇ.

“ನನ್ನ ಮುಖ ಪಟದಲ್ಲಿ ಬಾತ್ಲೆ ಮಗಾ,” ಅಂದಳು. “ನನ್ನ ಒಬ್ಬಳನ್ನೇ ಕೂರ್ಸಿ ಒಂದು ತೆಗಿ.”

ಅವ್ವನಿಗೆ ಇದು ಶೋಕಿಯ ಮಾತಲ್ಲ. ಅಪ್ಪ ತೀರಿಕೊಂಡಾಗ ನನಗೆ ಎರಡು ವರ್ಷ, ತಮ್ಮ ಹೊಟ್ಟೆಯಲ್ಲಿದ್ದ. ಅಪ್ಪನ ಒಂದೇ ಒಂದು ಪಟವೂ ಇರಲಿಲ್ಲ. ಚಿಕ್ಕವನಿದ್ದಾಗ ಅಪ್ಪ ಹೇಗಿದ್ದರು ಎಂದು ಕೇಳಿದರೆ ಒಮ್ಮೆ ನಿನ್ನ ಹಾಗೆ ಅನ್ನುತ್ತಿದ್ದಳು, ಒಮ್ಮೆ ತಮ್ಮನ ಹಾಗೆ ಅನ್ನುತ್ತಿದ್ದಳು. ದೊಡ್ಡವನಾದ ಮೇಲೆ ಒಂದು ದಿನ, ಆ ಮುಖ ನನಗೇ ಮರೆತುಹೋಗಿದೆ, ನೆನಪಿಸಿಕೊಳ್ಳಲು ಹೋದರೆ ಅವರು ಹೊದೆಯುತ್ತಿದ್ದ ಕಂಬಳಿ ಮಾತ್ರ ಕಾಣುತ್ತದೆ ಎಂದು ಒಪ್ಪಿಕೊಂಡಳು. ಈಗ ತಮ್ಮನ ಹೆಂಡತಿ ಬಸುರಿಯಾಗಿದ್ದಳು. ಹುಟ್ಟುವ ಮಗುವಿಗೆ ಅಜ್ಜಿಯ ಮುಖವಾದರೂ ಇರಲಿ ಎಂಬುದು ಅವಳ ಆಸೆ.

ಕಪ್ಪಂಚಿನ ಹೊಸ ಸೀರೆ ಉಟ್ಟುಕೊಂಡು ಬಂದು ಅಂಗಳದ ಬೆಳಕಿನಲ್ಲಿ ಮಣೆ ಹಾಕಿ ಕೂತಳು. ನಾನು ಮುಚ್ಚಳ ತೆರೆದು ಬಗ್ಗಿದೆ. ಚುಕ್ಕೆ ಗಾಜಿನ ಎಡಭಾಗದಲ್ಲಿತ್ತು, ಅವ್ವ ನಡುವಿನಲ್ಲಿದ್ದಳು. ಇವಳನ್ನು ಇನ್ನಷ್ಟು ದೂರ ಸರಿಸಿದರೆ ಭಯವಿಲ್ಲ ಎಂದು ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿದೆ. ಅವಳು ದೂರ ಹೋಗಲಿಲ್ಲ. ಕೂತ ಮಣೆಯ ಸಮೇತ, ನಗುನಗುತ್ತ, ಆ ಚುಕ್ಕೆಯ ಕಡೆಗೇ ಜಾರಿ ಬಂದಳು. ಗಾಬರಿಯಲ್ಲಿ ಇನ್ನೂ ತಿರುಗಿಸಿದೆ. ಚುಕ್ಕೆ ಅವಳ ಹಣೆ ಮುಟ್ಟಿತು, ಆಮೇಲೆ ಮುಖ ಮುಚ್ಚಿತು.

ಮುಚ್ಚಳ ಹಾಕಿಬಿಟ್ಟೆ. ಬೆಳಕು ಸಾಲದು ಅಂದೆ. ಅಂಗಳದಲ್ಲಿ ಭತ್ತ ಒಣಗುವಷ್ಟು ಬಿಸಿಲಿತ್ತು. ಅವ್ವ ಬಿಸಿಲನ್ನೂ ನೋಡಿದಳು, ನನ್ನನ್ನೂ ನೋಡಿದಳು. ಒಳಗೆ ಹೋಗಿ ಸೀರೆ ಬದಲಾಯಿಸಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟಳು. ಕ್ಯಾಮೆರಾ ಕೆಟ್ಟಿದೆ, ಮದರಾಸಿಗೆ ಕಳಿಸಿ ಸರಿಮಾಡಿಸಿ ನಿನ್ನ ಪಟವನ್ನೇ ಮೊದಲು ತೆಗೆಯುತ್ತೇನೆ ಎಂದು ಹೊರಡುವಾಗ ಮಾತುಕೊಟ್ಟೆ.

ಕಳಿಸಿದೆ. ತಿಂಗಳು ಬಿಟ್ಟು ವಾಪಸು ಬಂತು. ದೋಷವೇನೂ ಕಂಡುಬರಲಿಲ್ಲ, ಗಿರಾಕಿಗಳು ಕೈ ಒಗ್ಗುವ ತನಕ ತಾಳ್ಮೆಯಿಂದಿರಬೇಕು ಎಂದು ಚೀಟಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂಥವಳು ನಾನೆಂದು ಅವರ ಲೆಕ್ಕ. ಗಾಜು ನೋಡಿದರೆ ಹಳೆಯ ಚುಕ್ಕೆಯ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಸೇರಿಕೊಂಡಿತ್ತು. ಅವತ್ತು ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಒಂದು ದೊಡ್ಡಜ್ಜನದಾದರೆ ಇನ್ನೊಂದು ಯಾರದು ಎಂದು ಆಫೀಸಿನಲ್ಲಿ ಒಬ್ಬನೇ ಕೂತು ಯೋಚಿಸಿದವನು ನಾನು.

ಹೆದರಿಕೆಯನ್ನೆಲ್ಲ ಸಿಟ್ಟು ಮಾಡಿಕೊಂಡು ಎರಡು ಪುಟದ ಕಾಗದ ಬರೆದೆ. ಮೊದಲನೆಯದು, ಗಾಜಿನಲ್ಲಿ ಚುಕ್ಕೆಗಳಿವೆ, ಇಲ್ಲವೆನ್ನುವವರು ಕಣ್ಣು ತೋರಿಸಿಕೊಳ್ಳಲಿ. ಎರಡನೆಯದು, ಪೆಟ್ಟಿಗೆಯನ್ನು ಒಂದು ಕಡೆ ತಿರುಗಿಸಿದರೆ ಒಳಗಿನ ಚಿತ್ರ ಹೋಗಬಾರದ ಕಡೆಗೆ ಹೋಗುತ್ತದೆ, ಇದನ್ನೂ ರಿಪೇರಿ ಮಾಡಿ. ಮತ್ತೆ ಪಾರ್ಸೆಲ್ ಹೋಯಿತು. ಅಷ್ಟರಲ್ಲಿ ಕಾಫಿ ಹಣ್ಣು ಕೀಳುವ ಪಿಕಿಂಗ್ ಜೋರಾಗಿ, ರಜೆ ಎಂಬ ಮಾತೇ ಎಸ್ಟೇಟಿನಲ್ಲಿ ಇಲ್ಲವಾಯಿತು. ಊರಿನಿಂದ ಬಂದವರೊಬ್ಬರು ಹೇಳಿದರು, ಮಗನ ಪೆಟ್ಟಿಗೆ ಸರಿಯಾಯಿತೇ ಎಂದು ನಿಮ್ಮ ಅವ್ವ ಕೇಳುತ್ತಿದ್ದರು ಎಂದು.

ಕಾಫಿ ಹೂ ಬಿಟ್ಟ ವಾರ ಕ್ಯಾಮೆರಾ ಬಂತು. ಮೊದಲು ಗಾಜು ನೋಡಿದೆ. ತೊಳೆದ ಹಾಗೆ ಇತ್ತು, ಒಂದು ಕಲೆ ಇಲ್ಲ. ಜೊತೆಗಿದ್ದ ಉದ್ದದ ಇಂಗ್ಲಿಷ್ ಕಾಗದವನ್ನು ಓದುವ ಸಹನೆ ಇರಲಿಲ್ಲ, ಮಡಿಸಿ ಜೇಬಿಗೆ ಹಾಕಿದೆ. ಹೊಸ ಫಿಲಂ ಸುರುಳಿ ಹಾಕಿಕೊಂಡು ಮರುದಿನ ಮೊದಲ ಬಸ್ಸು ಹತ್ತಿದೆ. ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರವಾಗಿತ್ತು.

ಅದೇ ಏರುದಾರಿ. ಮಟಮಟ ಮಧ್ಯಾಹ್ನ, ಹಕ್ಕಿಯ ಸದ್ದೂ ಇಲ್ಲ. ಮೇಲಿನಿಂದ ಒಂದು ಗುಂಡಿನ ಸದ್ದು ಕೇಳಿತು.

ನಿಂತೆ. ಗಂಡು ಮಗು, ಅಂದುಕೊಂಡೆ. ದಿನ ಹತ್ತಿರ ಬಂದಿದೆ, ಗಂಡು ಮಗುವೇ. ಇಲ್ಲವಾದರೆ ಯಾರೋ ಹಂದಿಗೆ ಹೊಡೆದಿರಬೇಕು. ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಗಿ ಅಡಗಿತು. ಉಸಿರು ಬಿಡದೆ ಕಾದೆ. ಸಾಕಷ್ಟು ಹೊತ್ತಾಯಿತು, ಇನ್ನು ಬರಲಾರದು ಎಂದು ಒಂದು ಹೆಜ್ಜೆ ಮುಂದಿಟ್ಟೆ. ಎರಡನೆಯದು ಬಂತು.

ಮೂರು ದಿನದ ಚಳಿಜ್ವರವಂತೆ. ನನ್ನನ್ನು ಕರೆಯಲು ಕಳಿಸಿದವನು ದಾರಿಯಲ್ಲಿ ಎದುರು ಬಸ್ಸಿನಲ್ಲಿ ನನ್ನನ್ನು ದಾಟಿ ಹೋಗಿದ್ದ. ಅವ್ವನನ್ನು ಮೀಯಿಸಿ, ಕಪ್ಪಂಚಿನ ಆ ಸೀರೆಯನ್ನೇ ಉಡಿಸಿ ನಡುಮನೆಯ ಚಾಪೆಯ ಮೇಲೆ ಮಲಗಿಸಿದ್ದರು. ಪೆಟ್ಟಿಗೆ ಹೇಗೂ ತಂದಿದ್ದೀಯಲ್ಲ, ಈಗಲಾದರೂ ತೆಗಿ ಎಂದು ಹಿರಿಯರು ಅಂದರು. ಮುಚ್ಚಳ ತೆರೆದು ಬಗ್ಗಿದೆ. ಗಾಜಿನಲ್ಲಿ ಅವ್ವನ ಮುಖ ಪೂರ್ತಿಯಾಗಿ ಕಂಡಿತು. ಅದರ ಮೇಲೆ ಏನೂ ಇರಲಿಲ್ಲ. ನನ್ನಿಂದ ಗುಂಡಿ ಒತ್ತಲಾಗಲಿಲ್ಲ. ಅವಳು ಕೇಳಿದ್ದು ಈ ಮುಖವನ್ನಲ್ಲ.

ತಿಥಿಯ ಮರುದಿನ ಅಂಗಿ ಒಗೆಯಲು ಕೊಡುವಾಗ ಜೇಬಿನಲ್ಲಿ ಆ ಕಾಗದ ಸಿಕ್ಕಿತು. ಅಂಗಡಿಯ ರಿಪೇರಿಯವನು ಮರ್ಯಾದೆಯಿಂದಲೇ ಬರೆದಿದ್ದ. ಚುಕ್ಕೆಗಳು ಒಳಗಿನ ಕನ್ನಡಿಯ ಮೇಲಿನ ಧೂಳು, ಮೊದಲ ಸಲ ಸರಿಯಾಗಿ ನೋಡದೆ ಕಳಿಸಿದ್ದು ತಮ್ಮದೇ ತಪ್ಪು, ಒರೆಸಲಾಗಿದೆ. ಆದರೆ ಅಂಥ ಧೂಳು ಫಿಲಂ ಮೇಲೆ ಎಂದಿಗೂ ಬೀಳುವುದಿಲ್ಲ, ಅದಿದ್ದರೂ ಪಟ ತೆಗೆಯಬಹುದಿತ್ತು. ಎರಡನೆಯ ದೂರು ದೋಷವೇ ಅಲ್ಲ. ಈ ಜಾತಿಯ ಕ್ಯಾಮೆರಾದ ಗಾಜಿನಲ್ಲಿ ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಕಾಣುತ್ತದೆ. ನಂಬಿಕೆ ಬಾರದಿದ್ದರೆ ಯಾವುದಾದರೂ ಪಟವನ್ನು ಕನ್ನಡಿಯ ಮುಂದೆ ಹಿಡಿದು ನೋಡಿ, ಗಾಜಿನಲ್ಲಿ ಕಂಡದ್ದು ಹಾಗೆಯೇ ಕಾಣುತ್ತದೆ.

ಜಗಲಿಯ ಕಂಬಕ್ಕೆ ತಮ್ಮ ಕ್ಷೌರದ ಕನ್ನಡಿ ತೂಗುಹಾಕಿದ್ದ. ಕೈಲ್ ಮುಹೂರ್ತದ ಪಟವನ್ನು ಅದರ ಮುಂದೆ ಹಿಡಿದೆ. ದೊಡ್ಡಜ್ಜ ಬಲ ತುದಿಗೆ ಹೋಗಿ ಕೂತರು. ಎಡ ತುದಿಗೆ, ಬಿಳಿ ಸೀರೆ ಉಟ್ಟು, ಮಡಿಲಲ್ಲಿ ಕೈಯಿಟ್ಟುಕೊಂಡು, ಮುಖವಿಲ್ಲದೆ, ಅವ್ವ ಬಂದು ಕೂತಳು.

ಅಂದರೆ ಚುಕ್ಕೆ ಕೂತದ್ದು ದೊಡ್ಡಜ್ಜನ ಮೇಲೆ ಅಲ್ಲವೇ ಅಲ್ಲ. ಮೊದಲ ದಿನದಿಂದಲೂ ಅವಳ ಮೇಲೆ. ಅದು ಬರೀ ಧೂಳಾಗಿದ್ದರೆ, ಹುತ್ತರಿಯ ಬಿಸಿಲಿನಲ್ಲಿ ನಗುತ್ತ ಕೂತವಳ ಪಟವನ್ನು ತೆಗೆಯದೆ ಕೆಡಿಸಿದವನು ನಾನು. ಧೂಳಲ್ಲವಾಗಿದ್ದರೆ, ಯಾರದೆಂದು ತಿಳಿಯದೆ ತಿಂಗಳುಗಟ್ಟಲೆ ಕಾದವನೂ ನಾನೇ. ಎರಡರಲ್ಲಿ ಯಾವುದನ್ನು ನಂಬಿದರೆ ಕಡಿಮೆ ನೋಯುತ್ತದೆ ಎಂಬುದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.

ಅವಳು ಹೋದ ಇಪ್ಪತ್ತು ದಿನಕ್ಕೆ ತಮ್ಮನಿಗೆ ಹೆಣ್ಣು ಮಗು ಹುಟ್ಟಿತು, ಗುಂಡು ಹಾರಿಸಲಿಲ್ಲ. ಆ ಹುಡುಗಿ ದೊಡ್ಡವಳಾಗಿ ಅಜ್ಜಿ ಯಾರು ಎಂದು ಪಟ ಹಿಡಿದು ಕೇಳುತ್ತಿದ್ದಳು. ಬಲ ತುದಿ ಎಂದು ತೋರಿಸುತ್ತಿದ್ದೆ. ತೋರಿಸುವ ಮೊದಲು ಪ್ರತಿ ಸಲವೂ ನನ್ನ ಎರಡು ಕೈಗಳನ್ನು ನೋಡಿಕೊಂಡು, ಎಡ ಯಾವುದು ಬಲ ಯಾವುದು ಎಂದು ಖಚಿತ ಮಾಡಿಕೊಳ್ಳುತ್ತಿದ್ದೆ. ಅವಳು ಆ ಬಿಳುಪನ್ನೇ ಬಹಳ ಹೊತ್ತು ನೋಡಿ, ಅಜ್ಜಿ ಹೇಗಿದ್ದಳು ಎಂದು ಕೇಳುತ್ತಿದ್ದಳು. ಒಮ್ಮೆ ನಿನ್ನ ಹಾಗೆ ಅನ್ನುತ್ತಿದ್ದೆ, ಒಮ್ಮೆ ನಿನ್ನಪ್ಪನ ಹಾಗೆ ಅನ್ನುತ್ತಿದ್ದೆ.