ಕೆಂಡ ಮೇಸ್ತ್ರಿ ಒಡೆದ ಬೆಸುಗೆ

ಕೆಂಡ ಮೇಸ್ತ್ರಿ ಸಾಧು ಮನುಷ್ಯನಾಗಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆನ್ನುತ್ತಾರೆ. ಇವನ ಬಗ್ಗೆ ಸುಳ್ಳು ಬರೆದರೆ ಎದ್ದು ಬಂದು ಕಪಾಳಕ್ಕೆ ಬಿಡುತ್ತಾನೆ. ಮೂವತ್ತು ವರ್ಷಗಳ ಗೆಳೆತನದಲ್ಲಿ ನನಗೆ ಎರಡು ಸಲ ಹೊಡೆದಿದ್ದ. ಎರಡನೆಯದು, ಆಯಿಲ್ ಬದಲಿಸದೆ ಎರಡು ವರ್ಷ ಸ್ಕೂಟರ್ ಓಡಿಸಿದ್ದಕ್ಕೆ.

ಅವನ ಮೈಯೂ ಪೆಟ್ಟು ತಿಂದದ್ದೇ. ಎಡಗೈಯ ಎರಡು ಬೆರಳುಗಳನ್ನು ಎಂಜಿನ್ನಿನ ಫ್ಯಾನ್ ಕತ್ತರಿಸಿ ಹಾಕಿತ್ತು. ಒಮ್ಮೆ ಗಿರಾಕಿಯೊಬ್ಬ ಕಾದ ರೇಡಿಯೇಟರಿನ ಮುಚ್ಚಳ ತಿರುಗಿಸಿದಾಗ ಅವನನ್ನು ಪಕ್ಕಕ್ಕೆ ನೂಕಲು ಹೋಗಿ, ಕುದಿಯುವ ನೀರನ್ನು ತನ್ನ ಎದೆಯ ಮೇಲೆ ಹಾಕಿಕೊಂಡಿದ್ದ. ಸುಟ್ಟ ಎದೆಯಲ್ಲೇ ಆ ಗಿರಾಕಿಗೆ ನಾಲ್ಕು ಬಿಗಿದನಂತೆ. ಕೇಳಿದರೆ, "ಉಳಿಸಿದೋನಿಗೆ ಹೊಡೆಯೋ ಹಕ್ಕು ಇರತ್ತೆ ಕಣೋ" ಎಂದಿದ್ದ.

ತಗಡಿನ ಚಾವಣಿಯ ಗ್ಯಾರೇಜು, ನಡುವೆ ಆಳೆತ್ತರದ ಗುಂಡಿ, ಹಿಂದೆ ಎರಡು ಕೋಣೆಯ ಮನೆ. ಗೋಡೆಯ ಗಾರೆ ಅಲ್ಲಲ್ಲಿ ಕಿತ್ತು ಬಂದಿತ್ತು. ಕೋಪ ಬಂದಾಗ ಅವನು ಎಸೆದ ಸ್ಪ್ಯಾನರುಗಳ ಗುರುತು ಅವು. "ನಮ್ಮನೆಯವರು ಗೋಡೆಗೆ ಹೊಡೀತಾರೆ, ಅಷ್ಟರಮಟ್ಟಿಗೆ ನಾನು ಪುಣ್ಯವಂತೆ" ಎಂದು ಅವನ ಹೆಂಡತಿ ನಗುತ್ತಿದ್ದಳು. ನಾನು ಅವಳನ್ನು ಅತ್ತಿಗೆ ಎನ್ನುತ್ತೇನೆ. ಅವಳು ನನ್ನನ್ನು, ಶಾಲೆಯಲ್ಲಿ ಪಾಠ ಹೇಳುವವನಾದ್ದರಿಂದ, ಮೇಷ್ಟ್ರೇ ಎನ್ನುತ್ತಾಳೆ.

ಅತ್ತಿಗೆಯ ತಮ್ಮ ಹಳೆಯ ಗಾಡಿಗಳ ವ್ಯಾಪಾರಿ. ನಮ್ಮ ಮನೆಯಲ್ಲಿ ಆರು ಜನ. ಎಲ್ಲರೂ ಒಟ್ಟಿಗೆ ಹೋಗಲು ಒಂದು ದೊಡ್ಡ ಗಾಡಿ ಬೇಕಾಗಿತ್ತು. ಅವನು ಹನ್ನೆರಡು ವರ್ಷ ಹಳೆಯ ಬಿಳಿ ಎಸ್‌ಯುವಿಯೊಂದನ್ನು ತೋರಿಸಿದ. ಕನ್ನಡಿಯಂತೆ ಹೊಳೆಯುತ್ತಿತ್ತು. "ಮನೆಯವರದೇ ಗಾಡಿ ಮೇಷ್ಟ್ರೇ, ಭಾವನಿಗೆ ತೋರಿಸೋದೇನಿದೆ" ಎಂದ. ನಾನು ಹೂಂ ಎಂದಿದ್ದೆ. ನನ್ನ ಹೆಂಡತಿ ಒಪ್ಪಲಿಲ್ಲ. "ಕೆಂಡಣ್ಣ ನೋಡದೆ ನಾನು ಅದರೊಳಗೆ ಕಾಲಿಡಲ್ಲ" ಎಂದಳು.

ಶನಿವಾರ ಬೆಳಿಗ್ಗೆ ಗಾಡಿಯನ್ನು ಗ್ಯಾರೇಜಿಗೆ ತಂದೆವು. ಅತ್ತಿಗೆಯ ತಮ್ಮನೂ ಜೊತೆಗೇ ಬಂದು ಬಾಗಿಲಲ್ಲಿ ನಿಂತ.

ಕೆಂಡ ಗಾಡಿಯ ಸುತ್ತ ಒಂದು ಸುತ್ತು ಬಂದ. ಎಂಜಿನ್ ಚಾಲೂ ಮಾಡಿ, ಹೊಗೆಗೆ ಅಂಗೈ ಹಿಡಿದು ಮೂಸಿದ.

"ಟರ್ಬೊ ಆಯಿಲ್ ಕುಡೀತಿದೆ. ಅದಕ್ಕೆ ನಲವತ್ತು ಸಾವಿರ ಇಡು. ಇಂಜೆಕ್ಟರ್ ನಾಲ್ಕೂ ಹೋಗಿವೆ, ಒಂದೊಂದಕ್ಕೆ ಹದಿನೈದು. ಕ್ಲಚ್ಚು ಜಾರ್ತಿದೆ, ಮೂವತ್ತು. ಮುಂದಿನ ಬುಷ್‌ಗಳು ಹರಿದಿವೆ. ಒಂದೂವರೆ ಲಕ್ಷ ಸುರಿದರೆ ಗಾಡಿ ಆಗತ್ತೆ. ಈಗ ಬರೀ ಸಿಂಗರಿಸಿದ ಮದುಮಗಳು."

"ಹಳೇ ಗಾಡಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ ಭಾವ," ತಮ್ಮ ಹೇಳಿದ. "ಬೆಲೆಯಲ್ಲಿ ಇಳಿಸ್ಕೊಡ್ತೀನಿ."

"ನೀನು ಬಾಯ್ಮುಚ್ಚು. ನಿನ್ನ ಕೇಳಿದೋರು ಯಾರು."

ಕೆಂಡ ಗುಂಡಿಗೆ ಇಳಿದ. ಕೆಳಗಿನಿಂದ ಚಾಸಿಸ್ಸಿಗೆ ಸುತ್ತಿಗೆಯಲ್ಲಿ ಟಣ್ ಟಣ್ ಎಂದು ಬಡಿಯುತ್ತ ಬಂದ. ಒಂದು ಕಡೆ ದನಿ ಸತ್ತಿತು. ಅಲ್ಲಿ ಹೊಸ ಕಪ್ಪು ಬಣ್ಣವನ್ನು ಚಾಣದಿಂದ ಕೆರೆದ. ನಾನು ಬಗ್ಗಿ ನೋಡಿದೆ. ಅಲ್ಲೊಂದು ಬೆಸುಗೆಯ ಸಾಲು ಇತ್ತು. ಪ್ರತಿ ಗೆರೆಯೂ ಕೊನೆಯಲ್ಲಿ ಸ್ವಲ್ಪ ಎಡಕ್ಕೆ ಬಾಗಿತ್ತು.

"ಯಾರದ್ದೋ ಕೆಟ್ಟ ಕೆಲಸ ಅಲ್ವಾ?" ಎಂದೆ.

"ನಂದು."

ಎರಡು ಬೆರಳಿಲ್ಲದ ಎಡಗೈ ಆಧಾರ ಕೊಡದೆ, ಅವನ ಬೆಸುಗೆ ಯಾವಾಗಲೂ ಹಾಗೆ ಬಾಗುತ್ತಿತ್ತು. ನಾಲ್ಕು ತಿಂಗಳ ಹಿಂದೆ ಇದೇ ಭಾವಮೈದುನ, ಮುಂಭಾಗ ಜಜ್ಜಿಹೋದ ಕೆಂಪು ಗಾಡಿಯೊಂದನ್ನು ಎಳೆಸಿಕೊಂಡು ಬಂದಿದ್ದ. ಅದರಲ್ಲಿದ್ದ ಇಬ್ಬರು ಅಪಘಾತದ ಸ್ಥಳದಲ್ಲೇ ಸತ್ತಿದ್ದರು. ಚಾಸಿಸ್ ಬಿರುಕು ಬಿಟ್ಟಿತ್ತು. "ಗುಜರಿವರೆಗೆ ತಳ್ಳೋಕಾದ್ರೆ ಸಾಕು ಭಾವ" ಎಂದು ಬೆಸುಗೆ ಹಾಕಿಸಿಕೊಂಡು ಹೋಗಿದ್ದ. ಕೆಂಪು ಈಗ ಬಿಳಿಯಾಗಿತ್ತು.

ಕೆಂಡ ಮೇಲೆ ಬಂದ. ಮುಖ ಬೆವರಿತ್ತು.

"ಗುಜರಿಗೆ ಹಾಕ್ತೀನಿ ಅಂದಿದ್ದೆಯಲ್ಲೋ ನೀನು."

"ಬೆಸುಗೆ ನಿಮ್ದೇ ಅಲ್ವಾ ಭಾವ," ತಮ್ಮ ನಕ್ಕ. "ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ? ನಿಮ್ಮ ಮಾನ, ನನ್ನ ಮಾನ ಎರಡೂ ಒಂದೇ. ಅಕ್ಕನ ಮುಖ ನೋಡಿ ಸುಮ್ಮನಿರಿ."

ಕೆಂಡ ದೊಡ್ಡ ಸುತ್ತಿಗೆ ಹಿಡಿದು ಮತ್ತೆ ಗುಂಡಿಗಿಳಿದ. ಮೂರನೆಯ ಏಟಿಗೆ ಬೆಸುಗೆ ಬಾಯಿ ಬಿಟ್ಟಿತು, ಗಾಡಿ ನರಳಿದಂತೆ ಸದ್ದು ಮಾಡಿ ಒಂದು ಬದಿಗೆ ಕುಸಿಯಿತು. "ಇದ್ರಲ್ಲಿ ಆರು ಜನ ಕೂರಬೇಕಿತ್ತು ನೋಡು" ಎಂದು ನನಗೆ ಕೂಗಿ ಹೇಳಿದ.

ಮೇಲೆ ಬಂದವನೇ ಭಾವಮೈದುನನ ಕೊರಳಪಟ್ಟಿ ಹಿಡಿದು ಅವನ ಮುಖವನ್ನು ಗಾಡಿಯ ಕಿಟಕಿಗೆ ಬಡಿದ. ಗಾಜು ಒಡೆಯಿತು. ಎರಡು ಹಲ್ಲು ನೆಲಕ್ಕೆ ಬಿದ್ದವು. ಮೊದಲು ಕೈ ಮಾಡಿದವನು ಕೆಂಡ, ಅದನ್ನು ಮರೆಮಾಚುವುದಿಲ್ಲ. ಭಾವಮೈದುನ ರಕ್ತ ಉಗುಳುತ್ತ ತಡವರಿಸಿ ಜಾಕಿನ ರಾಡು ಎತ್ತಿಕೊಂಡ. ಮೊದಲ ಏಟು ಕೆಂಡನ ತೋಳಿಗೆ ಬಿತ್ತು, ಮೂಳೆ ಮುರಿದದ್ದು ನನಗೂ ಕೇಳಿಸಿತು. ನಾನು ಓಡಿ ಹೋಗಿ ಭಾವಮೈದುನನ ಸೊಂಟ ಹಿಡಿಯುವಷ್ಟರಲ್ಲಿ ಎರಡನೆಯದು ಕಿವಿಯ ಹಿಂದೆ ಬಿದ್ದಿತ್ತು. ಕೆಂಡ ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಗುಂಡಿಯ ತೆರೆದ ಬಾಯಿಯಿತ್ತು.

ಒಂಬತ್ತು ದಿನ ಆಸ್ಪತ್ರೆಯಲ್ಲಿ ಉಸಿರಾಡಿದ. ಕಣ್ಣು ತೆರೆಯಲಿಲ್ಲ.

ಕೆಂಡನನ್ನು ಮಣ್ಣು ಮಾಡಿದ ದಿನವೇ ಅತ್ತಿಗೆಯ ತವರಿನವರು ಶುರು ಮಾಡಿದರು. ಕಾಲು ಜಾರಿ ಗುಂಡಿಗೆ ಬಿದ್ದ ಅಂತ ಹೇಳಿದರೆ ಆಯಿತಂತೆ. "ಹೋದೋನು ಹೋದ. ಇರೋ ಒಬ್ಬ ಮಗನನ್ನ ಯಾಕೆ ಜೈಲಿಗೆ ಕಳಿಸೋಣ" ಎಂದು ಅವಳ ತಾಯಿ ನನ್ನ ಕಾಲು ಹಿಡಿಯಲು ಬಂದರು. ನಾನು ಅತ್ತಿಗೆಯ ಕಡೆ ನೋಡಿದೆ.

"ನನ್ನ ಮುಖ ಏನು ನೋಡ್ತೀರಿ ಮೇಷ್ಟ್ರೇ. ಕಂಡಿದ್ದನ್ನ ಹೇಳಿ. ಇವರು ಮೊದಲು ಹೊಡೆದ್ರು ಅನ್ನೋದನ್ನೂ ಸೇರಿಸಿ."

ಎಲ್ಲವನ್ನೂ ಹೇಳಿದೆ. ತಮ್ಮ ಒಳಗೆ ಹೋದ. ಪೊಲೀಸರು ಚಿತ್ರ ತೆಗೆದುಕೊಂಡು, ರಾಡನ್ನು ಒಯ್ದು, ಗಾಡಿಯನ್ನು ಅಲ್ಲೇ ಬಿಟ್ಟರು. ಎರಡು ತಿಂಗಳ ಮೇಲೆ ಅದನ್ನು ಬಿಟ್ಟುಕೊಡುವ ಕೋರ್ಟಿನ ಕಾಗದ ಹಿಡಿದು ಅತ್ತಿಗೆಯ ತಮ್ಮನ ವ್ಯಾಪಾರದ ಪಾಲುದಾರ ಬಂದ. ಎಳೆಯುವ ಲಾರಿಯನ್ನೂ ತಂದಿದ್ದ. ನಾನು ಅಲ್ಲೇ ಇದ್ದೆ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಒಳ್ಳೆ ಕಡೆ ಬೆಸುಗೆ ಹಾಕಿಸಿದ್ರೆ ಇನ್ನೂ ಐದು ವರ್ಷ ಓಡತ್ತೆ."

ಅತ್ತಿಗೆ ಒಳಗೆ ಹೋಗಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಇಪ್ಪತ್ತು ವರ್ಷ ಗಂಡನ ಪಕ್ಕ ನಿಂತು ಕಲಿತ ಕೈ. ಗ್ಯಾಸ್ ಕಟರ್ ಹೊತ್ತಿಸಿ, ಉರಿಯನ್ನು ನೀಲಿಗೆ ಇಳಿಸಿ, ಮುಂದಿನ ಚಕ್ರದ ಹಿಂದೆ ಮಂಡಿಯೂರಿದಳು. ಗಾಡಿಯ ನಂಬರು ಕೊರೆದಿರುವುದು ಚಾಸಿಸ್ಸಿನ ಆ ಜಾಗದಲ್ಲೇ. ಅದಿಲ್ಲದೆ ಯಾವ ಕಚೇರಿಯೂ ಗಾಡಿಯನ್ನು ಯಾರ ಹೆಸರಿಗೂ ಬರೆದುಕೊಡದು. ಪಾಲುದಾರ ಅವಳ ಭುಜ ಹಿಡಿದು ಎಳೆದ. ಅವಳು ಉರಿಯ ಸಮೇತ ತಿರುಗಿದಳು. ಅವನ ಅಂಗಿಯ ತೋಳು ಹೊತ್ತಿಕೊಂಡಿತು. ಅವನು ಅದನ್ನು ಬಡಿದು ಆರಿಸುತ್ತ ಲಾರಿಯವರೆಗೆ ಓಡಿದ.

ಕೆಂಪಗೆ ಕಾದ ಅಂಗೈಯಗಲದ ತುಂಡು ನೆಲಕ್ಕೆ ಬಿತ್ತು. ಅವಳು ಅದನ್ನು ಇಕ್ಕಳದಲ್ಲಿ ಹಿಡಿದು ದಿಮ್ಮಿಯ ಮೇಲಿಟ್ಟು, ಅಂಕಿಗಳು ಅಳಿಸುವವರೆಗೆ ಬಡಿದಳು.

"ಈಗ ತಗೊಂಡು ಹೋಗಪ್ಪ," ಎಂದಳು. "ಗುಜರಿ ಅಂಗಡಿ ಐದು ಗಂಟೆಗೆ ಮುಚ್ಚತ್ತೆ."