ಕಂಪ್ಯೂಟರಿನ ಬೆನ್ನಿಗೊಬ್ಬ ಮಂಜುನಾಥ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಶಿವಮೊಗ್ಗದ ವಿನೋಬನಗರದಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಭದ್ರಾವತಿಗೆ ಹೋಗಿ, ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ವಾಪಸು ಬರುವವಳಿಗೆ ಕೋಪ ಇನ್ನೆಲ್ಲಿರಬೇಕು? ಆದರೆ ಲ್ಯಾಬಿನ ಬೀಗ ತೆಗೆದು, ಹತ್ತು ಕಂಪ್ಯೂಟರುಗಳೂ ಒಂದೊಂದಾಗಿ ಗುಂಯ್ ಎನ್ನತೊಡಗಿದರೆ ಆ ಕೋಪ ತಾನಾಗಿ ಇಳಿಯುತ್ತದೆ. ಆ ಕೋಣೆಯೆಂದರೆ ನನಗೆ ಅಷ್ಟು ಇಷ್ಟ.

ಹಳೆಯ ವಿದ್ಯಾರ್ಥಿಗಳು ಸೇರಿ ಆ ಕಂಪ್ಯೂಟರುಗಳಿಗೆ ಕನ್ನಡ ಟೈಪಿಂಗಿನ ಒಂದು ಒಳ್ಳೆಯ ಸಾಫ್ಟ್‌ವೇರ್ ಕೊಡಿಸಿದ್ದರು. ಮದುವೆ ಕರೆಯೋಲೆ, ಅಂಗಡಿಯ ಬಿಲ್ಲು, ಗಣಪತಿ ಹಬ್ಬದ ಕರಪತ್ರ ಎಲ್ಲವನ್ನೂ ಮಕ್ಕಳು ಅದರಲ್ಲಿ ಮಾಡುತ್ತಿದ್ದರು. ಅದರ ಲೈಸೆನ್ಸ್ ಎಂದರೆ ಒಂದು ಉದ್ದನೆಯ ನಂಬರು. ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ನಂಬರು, ಅದು ಸಿಪಿಯು ಡಬ್ಬದ ಬೆನ್ನಿಗೆ ಸ್ಟಿಕ್ಕರಿನಲ್ಲಿ ಅಂಟಿಕೊಂಡಿರುತ್ತಿತ್ತು. ಆ ನಂಬರನ್ನು ಯಾರಾದರೂ ಬೇರೆ ಕಡೆ ಹಾಕಿಕೊಂಡರೆ ಕಂಪನಿಯವರು ಪತ್ತೆ ಹಚ್ಚಿ ನಂಬರನ್ನೇ ರದ್ದು ಮಾಡಿಬಿಡುತ್ತಾರೆ. ಮೌಸ್ ಕದ್ದರೆ ಮೌಸ್ ಇರುವುದಿಲ್ಲ, ಎದುರಿಗೇ ಗೊತ್ತಾಗುತ್ತದೆ. ನಂಬರು ಕದ್ದರೆ ಸ್ಟಿಕ್ಕರು ಇದ್ದಲ್ಲೇ ಇರುತ್ತದೆ.

ಒಂದು ದಿನ ಮೂಲೆಯ ಕಂಪ್ಯೂಟರಿನ ಪರದೆಯ ಮೇಲೆ, ಈ ಲೈಸೆನ್ಸ್ ಚಾಲ್ತಿಯಲ್ಲಿಲ್ಲ ಎಂದು ಕೆಂಪು ಅಕ್ಷರಗಳು ಬಂದವು. ಕಂಪನಿಗೆ ಫೋನು ಮಾಡಿದೆ. "ನಿಮ್ಮ ನಂಬರ್ ಶಿವಮೊಗ್ಗದಲ್ಲೇ ನಾಲ್ಕೈದು ಅಂಗಡೀಲಿ ಓಡ್ತಾ ಇದೆ ಮೇಡಂ" ಎಂದರು.

ಹೆಡ್ ಮಾಸ್ಟರ ಕೋಣೆಗೆ ಹೋದೆ. ಅವರು ವಿಜ್ಞಾನ ಕಲಿಸುತ್ತಿದ್ದವರು, ನಿವೃತ್ತಿಗೆ ಹತ್ತಿರವಾದವರು, ಒಳ್ಳೆಯ ಮನುಷ್ಯ. ಕನ್ನಡಕದಂಗಡಿಯವರು ಕೊಟ್ಟ ಹಳದಿ ಬಟ್ಟೆಯ ತುಂಡೊಂದರಿಂದ ಗಾಜು ಒರೆಸುತ್ತಾ ಮಾತಾಡುವುದು ಅವರ ಅಭ್ಯಾಸ. ವಿಷಯ ದೊಡ್ಡದಾದಷ್ಟೂ ಒರೆಸುವುದು ಜಾಸ್ತಿ. ಅವರು ಅವತ್ತೇ ಆಡಳಿತ ಮಂಡಳಿಯವರಿಗೆ ವಿಷಯ ಮುಟ್ಟಿಸಿದರು. ಮಾರನೆಯ ದಿನ ನನ್ನನ್ನು ಕರೆಸಿ ಗಾಜು ಸವೆಯುವಷ್ಟು ಒರೆಸಿದರು.

"ಮಂಡಳಿಯವರು ಖಂಡಿತವಾಗಿ ಹೇಳಿಬಿಟ್ಟಿದ್ದಾರೆ ಕಣಮ್ಮ. ಇನ್ನೊಂದು ನಂಬರ್ ಹೋಯ್ತು ಅಂದ್ರೆ ಲ್ಯಾಬ್ ಮುಚ್ಚಿ, ಬಿಸಿಯೂಟದ ಅಕ್ಕಿ ಮೂಟೆ ಇಡೋಕೆ ಆ ರೂಮ್ ಕೊಡ್ತಾರಂತೆ."

ಆಮೇಲೆ ಪ್ರಾರ್ಥನೆಯ ಹೊತ್ತಿಗೆ ಹತ್ತನೇ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಂಬರಿನ ಫೋಟೋ ತೆಗೆದ ಮೊಬೈಲು ಯಾರ ಹತ್ತಿರವಿದೆ ಎಂದು ಬ್ಯಾಗುಗಳನ್ನೆಲ್ಲ ತಪಾಸಣೆ ಮಾಡಿಸಿದರು. ಏನೂ ಸಿಗಲಿಲ್ಲ. ಒಬ್ಬಳು ಹುಡುಗಿ ಲ್ಯಾಬಿಗೆ ಬಂದು, "ನಾವು ಕಳ್ಳರಾ ಮಿಸ್?" ಎಂದು ಅತ್ತುಬಿಟ್ಟಳು.

ಉಳಿದ ಒಂಬತ್ತು ನಂಬರುಗಳನ್ನು ಕಾಯುವುದು ನನ್ನ ಪಾಲಿಗೆ ಬಂತು. ಸ್ಟಿಕ್ಕರಿನ ಮೇಲೆ ಕಂದು ಟೇಪು ಸುತ್ತಿದೆ. ಎರಡು ದಿನಕ್ಕೆ ತುದಿ ಎದ್ದು ಬಂತು. ಡಬ್ಬಗಳ ಬೆನ್ನನ್ನು ಗೋಡೆಗೆ ಒತ್ತಿ ಇಟ್ಟೆ. ಗಾಳಿಯಾಡದೆ ಕಾದು, ಪಾಠದ ನಡುವೆ ಒಂದೊಂದೇ ನಿಂತುಹೋದವು. ನಂಬರಿನ ಮೇಲೆ ಮಸಿ ಬಳಿಯೋಣವೆಂದರೆ, ಅಳಿಸಿದ ನಂಬರಿಗೆ ತಾವು ಜವಾಬ್ದಾರರಲ್ಲ ಎಂದು ಕಂಪನಿಯವರು ಹೇಳಿದರು. ಬೇರೆಲ್ಲೂ ಬರೆದಿಡಲಿಲ್ಲ. ಬರೆದಿಟ್ಟರೆ ಅದನ್ನೂ ಕಾಯಬೇಕಲ್ಲ!

ಉಪಾಯ ಹೊಳೆದದ್ದು ಬಸ್ಸಿನಲ್ಲಿ. ಭದ್ರಾವತಿಯೊಳಗೆ ಬಸ್ಸು ನಿಧಾನವಾಗುವ ಕಡೆ ಒಂದು ಉದ್ದನೆಯ ಕಾಂಪೌಂಡ್ ಗೋಡೆಯಿತ್ತು. ಗಂಡಸರೆಲ್ಲ ಅಲ್ಲೇ ನಿಂತು ಉಚ್ಚೆ ಹೊಯ್ಯುತ್ತಿದ್ದರಿಂದ ನಾವು ಹೆಂಗಸರು ಸೆರಗನ್ನು ಮೂಗಿಗೆ ಹಿಡಿದೇ ಕೂರುತ್ತಿದ್ದೆವು. ಅವತ್ತು ನೋಡಿದರೆ ಯಜಮಾನ ಗೋಡೆಯುದ್ದಕ್ಕೂ ದೇವರ ಟೈಲ್ಸು ಕೂರಿಸಿದ್ದ. ಎಲ್ಲ ಧರ್ಮದವೂ ಇದ್ದವು. ಗೋಡೆ ಒಣಗಿ ಬೆಳ್ಳಗಾಗಿತ್ತು. ನಾನು ಒಬ್ಬಳೇ ನಕ್ಕಿದ್ದು ನೋಡಿ ಪಕ್ಕದವರು ಸ್ವಲ್ಪ ಸರಿದು ಕೂತರು.

ನಮ್ಮ ಅಟೆಂಡರ್ ಅಕ್ಕ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಮನೆಮಾತು ತಮಿಳು, ಶಾಲೆಯಲ್ಲಿ ಎಲ್ಲರಿಗಿಂತ ಜೋರು ಕನ್ನಡ. ಅವಳಿಗೆ ಹೇಳಿದ್ದೇ ತಡ, ಬಿಸಿಯೂಟದ ಒಲೆಯ ಮೇಲೆ ಮೈದಾ ಅಂಟು ಕಾಯಿಸಿಕೊಂಡು ಬಂದಳು. ಹಳೆಯ ಕ್ಯಾಲೆಂಡರುಗಳಿಂದ ಚಿತ್ರಗಳನ್ನು ಕತ್ತರಿಸಿದೆವು. ಗಣಪತಿ, ಲಕ್ಷ್ಮಿ, ಮುರುಗ, ಮಗುವನ್ನೆತ್ತಿಕೊಂಡ ಮೇರಿಮಾತೆ, ಬಜಾರಿನ ಅತ್ತರಿನಂಗಡಿಯ ಕ್ಯಾಲೆಂಡರಿನಿಂದ ಕಾಬಾ. ಒಂದೊಂದು ಸ್ಟಿಕ್ಕರಿನ ಮೇಲೂ ಒಬ್ಬೊಬ್ಬರನ್ನು ಅಂಟಿಸಿದೆವು. ಮೂಲೆಯ ಸತ್ತ ಕಂಪ್ಯೂಟರಿಗೆ ಕಾವಲು ಬೇಕಿರಲಿಲ್ಲ. ಆದರೂ ನನಗೆ ಸಿಟ್ಟಿತ್ತು. ಮಂಜುನಾಥಸ್ವಾಮಿಯ ಚಿತ್ರವನ್ನು ಅದಕ್ಕೇ ಮೆತ್ತಿದೆ. ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ, "ಕದ್ದೋರನ್ನ ಇನ್ನು ಆ ಮಂಜುನಾಥನೇ ವಿಚಾರಿಸ್ಕೊಳ್ಲಿ" ಎಂದೆ. ಅವನ ಹೆಸರಿನ ಆಣೆ ಎಂದರೆ ನಮ್ಮ ಕಡೆ ಸುಳ್ಳು ಹೇಳುವವರೂ ಹಿಂದೆ ಸರಿಯುತ್ತಾರೆ.

ಹೆಡ್ ಮಾಸ್ಟರು ನಕ್ಕರು. "ಏನಮ್ಮ, ಕಂಪ್ಯೂಟರ್ ಕಲಿಸೋರು ನೀವೇ ಹಿಂಗಂದ್ರೆ ಹೆಂಗೆ?"

ನಗಲಿ ಬಿಡಿ ಎಂದುಕೊಂಡೆ. ಒಂದು ವರ್ಷ ಒಂದು ನಂಬರೂ ಹೋಗಲಿಲ್ಲ. ಕಸ ಗುಡಿಸುವಾಗ ಅಕ್ಕ ಡಬ್ಬಗಳ ಹಿಂದೆ ಕೈ ಮುಗಿಯುತ್ತಿದ್ದಳು. ಆಯುಧಪೂಜೆಗೆ ಮಕ್ಕಳು ಹೂವನ್ನು ಮಾನಿಟರಿಗೆ ಏರಿಸುವ ಬದಲು ಹಿಂದಕ್ಕೇ ಏರಿಸಿದರು. ನನ್ನಷ್ಟು ನೆಮ್ಮದಿಯಾಗಿದ್ದ ಕಂಪ್ಯೂಟರ್ ಟೀಚರು ಇಡೀ ಜಿಲ್ಲೆಯಲ್ಲಿ ಇರಲಿಲ್ಲವೆಂದು ಈಗಲೂ ನಂಬಿದ್ದೇನೆ. ಹೆಡ್ ಮಾಸ್ಟರು ಮಾತ್ರ ಲ್ಯಾಬಿನ ಕಡೆ ಬರುವುದನ್ನು ಕಡಿಮೆ ಮಾಡಿದ್ದರು. ಬಂದರೂ ಬಾಗಿಲಲ್ಲೇ ನಿಂತು, ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿಕೊಂಡು ಹೋಗಿಬಿಡುತ್ತಿದ್ದರು.

ಆಮೇಲೆ ಕಂಪನಿಯವರು ಸಾಫ್ಟ್‌ವೇರಿನ ಹೊಸ ಆವೃತ್ತಿ ಕಳಿಸಿದರು. ಅದನ್ನು ಹಾಕಲು ಹಳೆಯ ನಂಬರುಗಳನ್ನು ಮತ್ತೆ ಒತ್ತಬೇಕಂತೆ. ಸತ್ತ ಕಂಪ್ಯೂಟರಿನ ಸ್ಟಿಕ್ಕರಿನ ಫೋಟೋ ಕಳಿಸಿದರೆ ಅದಕ್ಕೂ ಹೊಸ ನಂಬರು ಕೊಡುತ್ತಾರಂತೆ. ಹಾಕಲು ಬಂದ ಹುಡುಗ ಮೊದಲನೇ ಡಬ್ಬವನ್ನು ತಿರುಗಿಸಿದ, ಗಣಪತಿಯನ್ನು ನೋಡಿದ, ಕೈಯಲ್ಲಿದ್ದ ಬ್ಲೇಡನ್ನು ಜೇಬಿಗೆ ಹಾಕಿಕೊಂಡ.

"ಗಣಪತಿ ಮುಖದ ಮೇಲೆ ಬ್ಲೇಡಾ? ನನ್ ಕೈಲಾಗಲ್ಲ ಮೇಡಂ."

ನನ್ನ ಕೈಯಲ್ಲೂ ಆಗಲಿಲ್ಲ. ಅಂಟಿಸುವಾಗ ಇದ್ದ ಬುದ್ಧಿವಂತಿಕೆ ಕೀಳುವಾಗ ಎಲ್ಲಿ ಹೋಯಿತೋ! ನಂಬರು ಒತ್ತದಿದ್ದರೆ ಒಂಬತ್ತೂ ನಿಲ್ಲುತ್ತವೆ, ನಿಂತರೆ ಕೋಣೆ ಅಕ್ಕಿ ಮೂಟೆಗೆ ಹೋಗುತ್ತದೆ. ನಾನೇ ಹಾಕಿದ ಬೀಗಕ್ಕೆ ನನ್ನ ಹತ್ತಿರ ಕೀಲಿಯಿರಲಿಲ್ಲ.

ದಾರಿ ತೋರಿಸಿದವಳು ಅಕ್ಕ. "ಅಯ್ಯೋ ಮಿಸ್ಸು, ಗಣಪತೀನ ವರ್ಷಾ ವರ್ಷಾ ನಾವೇ ಕರ್ಕೊಂಡ್ ಬಂದು ನಾವೇ ಕಳಿಸ್ಕೊಡಲ್ವಾ? ಮರ್ಯಾದೆಯಿಂದ ಕಳಿಸಿದ್ರೆ ಯಾವ ದೇವರು ಬೇಜಾರ್ ಮಾಡ್ಕೊಳುತ್ತೆ?"

ಕರ್ಪೂರ ಹಚ್ಚಿದೆವು. ಕಾಬಾದ ಚಿತ್ರದ ಮುಂದೆ ಆರತಿ ಎತ್ತಬೇಕೋ ಬೇಡವೋ ತಿಳಿಯದೆ ನಾನು ನಿಂತಿದ್ದಾಗ, ಆ ಕಂಪ್ಯೂಟರಿನಲ್ಲಿ ಕೂರುವ ಒಂಬತ್ತನೇ ತರಗತಿಯ ಹುಡುಗಿ, "ನಾವು ಫೋಟೋಗೆ ಪೂಜೆ ಮಾಡಲ್ಲ ಮಿಸ್, ಕೆಳಗೆ ಬೀಳದಂಗೆ ತೆಗೀರಿ ಸಾಕು" ಎಂದು ತಾನೇ ಅಂಗೈ ಒಡ್ಡಿದಳು. ಬಿಸಿನೀರಿನ ಬಟ್ಟೆ ಒತ್ತಿದರೆ ಮೈದಾ ಅಂಟು ಮೆತ್ತಗಾಗಿ, ಚಿತ್ರಗಳು ಸಲೀಸಾಗಿ ಬಿಟ್ಟುಕೊಂಡವು. ಕೆಳಗೆ ನಂಬರುಗಳು ಹೊಚ್ಚ ಹೊಸದಾಗಿದ್ದವು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟು ಹೊತ್ತಿಗೆ ಹೆಡ್ ಮಾಸ್ಟರು ಬಾಗಿಲಿಗೆ ಬಂದರು. ನಾವು ಮೂಲೆಗೆ ಹೋದದ್ದನ್ನು ಕಂಡು, "ಅದು ಬಿಡಿ, ಸತ್ತಿರೋ ಮೆಷಿನ್ ಅಲ್ವಾ" ಎಂದರು. ಹೊಸ ನಂಬರು ಸಿಗುತ್ತದೆ ಸರ್ ಎಂದೆ. "ಫೋನ್ ಬಂತು" ಎಂದು ಹೊರಟುಹೋದರು. ಫೋನು ರಿಂಗಾದದ್ದು ನನಗೇನೂ ಕೇಳಲಿಲ್ಲ.

ಮಂಜುನಾಥನ ಚಿತ್ರದ ಮೇಲ್ತುದಿ ಆಗಲೇ ಬಿಟ್ಟುಕೊಂಡು ಜೇಬಿನ ಹಾಗಾಗಿತ್ತು. ಒಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿದ ಒಂದು ನಾಣ್ಯ.

"ತಪ್ಪುಕಾಣಿಕೆ!" ಎಂದಳು ಅಕ್ಕ. ತಪ್ಪು ಮಾಡಿದವರು ದೇವರಲ್ಲಿ ಕ್ಷಮೆ ಬೇಡಿ ಇಡುವ ದುಡ್ಡು ಅದು. ಅರಿಶಿನದ ಬಟ್ಟೆ ಎಂದೇ ಅವಳು ತಿಳಿದಳು. ನಾನು ಬಿಚ್ಚಿ ನೋಡಿದೆ. ಅಂಚಿನಲ್ಲಿ ಕನ್ನಡಕದಂಗಡಿಯ ಹೆಸರಿತ್ತು.

ಮೈಯೆಲ್ಲ ಉರಿಯಿತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದು, ಆ ಹುಡುಗಿ ಅತ್ತದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಗಂಟನ್ನು ಮುಷ್ಟಿಯಲ್ಲಿ ಹಿಡಿದು ಅವರ ಕೋಣೆಗೆ ನಡೆದೆ. ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಒಳಗೆ ಹೋಗಿ ನೋಡಿದರೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಶಿಕ್ಷೆಗೆ ಕಾದ ಹುಡುಗನ ಹಾಗೆ ಕೂತಿದ್ದರು. ನಾಣ್ಯವನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಬಟ್ಟೆಯನ್ನು ಅವರ ಮುಂದಿಟ್ಟೆ.

"ಕಾಣಿಕೆ ದೇವರ ಹುಂಡಿಗೆ ಮುಟ್ಟಿಸ್ತೀನಿ ಸರ್. ಇದು ನಿಮ್ದು, ಕನ್ನಡಕ ಒರೆಸ್ಕೊಳ್ಳಿ."

ಅವರು ಬಟ್ಟೆಯನ್ನು ಕೈಗೆತ್ತಿಕೊಂಡರು. "ತಮ್ಮನ ಮಗಳು ಶಿವಮೊಗ್ಗದ ದುರ್ಗಿಗುಡೀಲಿ ಟೈಪಿಂಗ್ ಅಂಗಡಿ ಇಟ್ಲು ಕಣಮ್ಮ. ಒಂದು ನಂಬರ್ ಕೊಡಿ ದೊಡ್ಡಪ್ಪ ಅಂದ್ಲು. ಬರೀ ನಂಬರ್ ತಾನೆ, ಫೋನ್ ನಂಬರ್ ಕೊಟ್ಟಂಗೆ, ನಮ್ದೇನು ಹೋಗುತ್ತೆ ಅಂದ್ಕೊಂಡೆ. ಅವಳು ಪಕ್ಕದ ಅಂಗಡಿಯವನಿಗೆ ಕೊಟ್ಲು, ಅವನು ಇನ್ನೊಬ್ಬನಿಗೆ. ಅದು ಕೆಂಪಾದ ದಿನ ನನ್ ಎದೆ ಒಡೆದುಹೋಯ್ತು. ಬಾಯಿ ಬಿಡೋ ಧೈರ್ಯ ಬರ್ಲಿಲ್ಲ."

"ನನಗೆ ಹೇಳ್ದೆ ಇದ್ರೂ ಪರವಾಗಿಲ್ಲ ಸರ್. ಮಕ್ಕಳ ಬ್ಯಾಗ್ ಯಾಕೆ ನೋಡಿಸಿದ್ರಿ?"

ಉತ್ತರ ಬಂದದ್ದು ಮಾರನೆಯ ಬೆಳಿಗ್ಗೆ, ಪ್ರಾರ್ಥನೆಯಲ್ಲಿ. ಆ ವರ್ಷದ ಹತ್ತನೇ ತರಗತಿಯವರು ಪಾಸಾಗಿ ಹೋಗಿದ್ದರು. ಅತ್ತ ಹುಡುಗಿ ಪಕ್ಕದ ಕಾಲೇಜಿನಲ್ಲಿದ್ದಳು. ಅವಳನ್ನೂ ಅವಳ ಗೆಳತಿಯರನ್ನೂ ಹೆಡ್ ಮಾಸ್ಟರು ತಾವೇ ಹೋಗಿ ಕರೆದುಕೊಂಡು ಬಂದಿದ್ದರು. ಜಗಲಿಯ ಮೇಲೆ ನಿಂತು, ಇಡೀ ಶಾಲೆಯ ಎದುರಿಗೆ, "ಲ್ಯಾಬಿನ ನಂಬರ್ ಕೊಟ್ಟಿದ್ದು ನಾನು. ಈ ಮಕ್ಕಳ ಬ್ಯಾಗ್ ಹುಡುಕಿಸಿದ್ದೂ ನಾನು. ತಪ್ಪಾಯ್ತು ಮಕ್ಕಳೇ" ಎಂದರು. ಆ ಹುಡುಗಿ ನನ್ನ ಕಡೆ ತಿರುಗಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನಗೆ ಕಣ್ಣಲ್ಲಿ ನೀರು ಬಂತು.

ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಿಸಿಯೂಟದ ಅಕ್ಕಿಯ ಗಾಡಿ ಬಂದು ಗೇಟಿನಲ್ಲಿ ನಿಂತಿತು. ಲ್ಯಾಬಂತೂ ಸಿಗಲಿಲ್ಲ, ಈ ಸಲ ಮೂಟೆ ಎಲ್ಲಿ ಇಳಿಸೋದು ಸರ್ ಎಂದು ಅಕ್ಕ ಕೇಳಿದಳು. ಅವರು ಜೇಬಿನಿಂದ ಹಳದಿ ಬಟ್ಟೆ ತೆಗೆದು ಕನ್ನಡಕ ಒರೆಸುತ್ತಾ, "ನನ್ ರೂಮಲ್ಲಿ ಇಳಿಸಮ್ಮ" ಎಂದರು.